ನನ್ನ ಕಾಲಿನ ಭಾರ ಮತ್ತು ಹಳೆ ಪಿಕಪ್ಪಿನ ಮೈಲೇಜು

ಕಳೆದ ವರ್ಷ ಮಳೆ ನಿಂತು, ಮದುವೆ, ಗೃಹಪ್ರವೇಶಗಳ ಸೀಸನ್ ಇನ್ನೇನು ಶುರುವಾಗಬೇಕು ಎನ್ನುವಾಗ ನಮ್ಮ ಹಳೆಯ ಡೀಸೆಲ್ ಪಿಕಪ್ಪನ್ನು ಮಾರುವ ಮಾತು ಮನೆಯಲ್ಲಿ ಎದ್ದಿತು. ಎದ್ದದ್ದು ಮಾತ್ರವಲ್ಲ, ಅದಕ್ಕೆ ಕಾರಣ ನಾನೇ ಎಂಬ ತೀರ್ಮಾನವೂ ನನ್ನ ಬೆನ್ನ ಹಿಂದೆ ಆಗಿಹೋಗಿತ್ತು.

ನಮ್ಮ ಮನೆ ಇಚಿಲಂಪಾಡಿಯಲ್ಲಿ. ಕಡಬ ಪೇಟೆಯಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದೇವೆ. ಮೊದಲೆಲ್ಲ ಪಿಕಪ್ ಓಡಿಸುತ್ತಿದ್ದವರು ನಮ್ಮ ಯಜಮಾನರೇ. ಮೊಣಕಾಲಿನ ಆಪರೇಷನ್ ಆದ ಮೇಲೆ ಅವರಿಗೆ ಕ್ಲಚ್ ಒತ್ತಲು ಆಗದೆ ಹೋಯಿತು. ಕೂಲಿಗೆ ಒಬ್ಬನನ್ನು ಇಟ್ಟು ನೋಡಿದೆವು. ಅವನು ಬಂದ ದಿನ ಬಂದ, ಬಾರದ ದಿನ ಫೋನೂ ಎತ್ತಲಿಲ್ಲ. ತವರಿನಲ್ಲಿ ಜೀಪು ಓಡಿಸಿ ಅಭ್ಯಾಸವಿದ್ದ ನಾನು, "ಇವನ ದಾರಿ ಕಾಯುವುದಕ್ಕಿಂತ ನಾನೇ ಹೋಗುತ್ತೇನೆ" ಎಂದು ಒಂದು ಬೆಳಿಗ್ಗೆ ಕೀ ತೆಗೆದುಕೊಂಡೆ. ಅಂದಿನಿಂದ ಸುಳ್ಯವಿರಲಿ, ಪುತ್ತೂರಿರಲಿ, ಕುರ್ಚಿ ಪಾತ್ರೆ ಮುಟ್ಟಿಸುವುದು ನಾನೇ. ಶುರುವಿನಲ್ಲಿ ನಾನು ರಿವರ್ಸ್ ತೆಗೆಯುವಾಗ ಮೂರು ದಿಕ್ಕಿನಿಂದ "ಬರ್ಲಿ, ಬರ್ಲಿ, ಸ್ವಲ್ಪ ಬಲಕ್ಕೆ" ಎಂದು ಕೈ ಬೀಸುವವರು ಇದ್ದರು. ಅವರ ಮಾತು ಕೇಳಿದ್ದರೆ ಎಷ್ಟು ಬಾಳೆಗಿಡ ನೆಲ ಕಚ್ಚುತ್ತಿದ್ದವೋ! ನಾನು ಕನ್ನಡಿ ನೋಡಿಕೊಂಡು ನನ್ನ ಪಾಡಿಗೆ ತೆಗೆದೆ. ಸ್ವಲ್ಪ ದಿನದಲ್ಲಿ ಅವರಿಗೇ ಕೈ ಸೋತಿತು.

ಆದರೆ ಒಂದು ವಿಷಯದಲ್ಲಿ ಮಾತ್ರ ನನ್ನ ಬಾಯಿ ಕಟ್ಟಿತ್ತು. ಇವರು ಓಡಿಸುವಾಗ ಲೀಟರಿಗೆ ಹನ್ನೆರಡು ಕಿಲೋಮೀಟರ್ ಕೊಡುತ್ತಿದ್ದ ಗಾಡಿ, ನನ್ನ ಕೈಗೆ ಬಂದ ಮೇಲೆ ಒಂಬತ್ತರ ಆಚೆ ದಾಟುತ್ತಿರಲಿಲ್ಲ.

"ನಿನ್ನ ಕಾಲು ಭಾರ ಮಾರಾಯ್ತಿ," ಎಂದು ಇವರು ಜಗಲಿಯ ಕುರ್ಚಿಯಲ್ಲಿ ಕೂತು ನಗುತ್ತಿದ್ದರು. "ಆಕ್ಸಿಲರೇಟರ್ ಮೇಲೆ ನೀನು ಕಾಲು ಇಡುದಲ್ಲ, ಒನಕೆ ಇಡುದು."

ನಾನು ಕಾಲು ಹಗುರ ಮಾಡಿದೆ. ಬೇಗ ಬೇಗ ಮೇಲಿನ ಗೇರಿಗೆ ಹಾಕಿದೆ. ಗ್ಯಾರೇಜಿನಲ್ಲಿ ತೋರಿಸಿದರೆ "ಇಂಜಿನ್ ಗಟ್ಟಿ ಉಂಟು ಅಕ್ಕ, ಎಂತ ತೊಂದರೆಯೂ ಇಲ್ಲ" ಎಂದರು. ಕಡಬದ ಪೇಟೆಯಲ್ಲಿ ಸಲಹೆ ಕೊಡುವವರಿಗೆ ಬರವೇ? ಒಬ್ಬರು ಡೀಸೆಲಿಗೆ ಎಂತದೋ ಎಣ್ಣೆ ಬೆರೆಸಲು ಹೇಳಿದರು. ಇನ್ನೊಬ್ಬರು ಬೆಳ್ಳಂಬೆಳಿಗ್ಗೆ ತಂಪಿನಲ್ಲೇ ಡೀಸೆಲ್ ಹಾಕಿಸಬೇಕೆಂದರು. ಮತ್ತೊಬ್ಬರು ಮಾತ್ರ ಮುಖ ನೋಡದೆ, "ಗಾಡಿಗೆ ಕೈ ಬದಲಾದ್ರೆ ಹಾಗೆ ಆಗುದು" ಎಂದರು. ಅದನ್ನು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು.

ಆಗಲೇ ಒಂದು ಭಾನುವಾರ ಸುಳ್ಯದಿಂದ ಭಾವ ಬಂದರು. ಇವರ ಅಣ್ಣ. ಒಳ್ಳೆಯವರು, ಆದರೆ ನಮ್ಮ ಮನೆಯ ಸಂಗತಿಗಳನ್ನೆಲ್ಲ ಅವರೇ ಸರಿ ಮಾಡಬೇಕೆಂಬ ಹಟ. ಚಹಾ ಕುಡಿಯುತ್ತಾ ಹೇಳಿದರು, "ಒಬ್ಬರು ಈ ಗಾಡಿಯನ್ನು ಕೇಳಿದ್ದಾರೆ. ಬರುವ ಭಾನುವಾರ ನೋಡ್ಲಿಕ್ಕೆ ಬರ್ತಾರೆ. ಕೊಟ್ಟು ಬಿಡುವ. ಡೀಸೆಲ್ ಕುಡಿಯುವ ಗಾಡಿ ಇಟ್ಟುಕೊಂಡು ಎಂತ ಮಾಡುದು? ಬೇಕಾದಾಗ ಬಾಡಿಗೆ ಗಾಡಿ ಹಿಡಿದ್ರಾಯ್ತು. ಸುಮತಿಗೂ ರಗಳೆ ಇಲ್ಲ."

"ನನಗೆ ರಗಳೆ ಅಂತ ನಾನು ಯಾವಾಗ ಹೇಳಿದ್ದು ಭಾವ?" ಎಂದೆ.

ಅವರು ನಕ್ಕರು. ಇವರು ನೆಲ ನೋಡಿದರು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆಂದು ನನಗೆ ಅಲ್ಲೇ ಗೊತ್ತಾಯಿತು. ಆ ಗಾಡಿ ಹೋದರೆ ನಾನು ಪುನಃ ಅಂಗಡಿಯ ಮೂಲೆಯಲ್ಲಿ ಕುರ್ಚಿ ಒರೆಸಿಕೊಂಡು ಕೂರಬೇಕು. ಊರೂರು ತಿರುಗಿ, ನಾಲ್ಕು ಜನರ ಹತ್ತಿರ ಮಾತಾಡಿ, "ಅಕ್ಕ ಬಂದ್ರೆ ಸಾಮಾನು ಹೊತ್ತಿಗೆ ಸರಿಯಾಗಿ ಬರ್ತದೆ" ಎಂಬ ಹೆಸರು ಪಡೆದವಳು ನಾನು. ಅದನ್ನು ಒಂದು ಲೋಟ ಚಹಾ ಮುಗಿಯುವುದರೊಳಗೆ ಬಿಟ್ಟುಕೊಡುವುದೇ?

"ಒಂದು ಕೆಲಸ ಮಾಡುವ," ಎಂದೆ. "ಟ್ಯಾಂಕ್ ಕುತ್ತಿಗೆವರೆಗೆ ತುಂಬಿಸುವ. ಖಾಲಿ ಗಾಡಿಯಲ್ಲಿ ಪುತ್ತೂರಿಗೆ ಹೋಗಿ ಬರುವ. ನೀವಿಬ್ಬರೂ ಜೊತೆಗೆ ಬನ್ನಿ. ಪುನಃ ಅದೇ ಪಂಪಿನಲ್ಲಿ ತುಂಬಿಸುವ. ಹನ್ನೆರಡು ಬಂದ್ರೆ ಗಾಡಿ ಇಲ್ಲೇ ಇರ್ತದೆ. ಬರದಿದ್ರೆ ನಿಮ್ಮ ಜನಕ್ಕೆ ಕೊಡಿ, ನಾನು ಸೊಲ್ಲೆತ್ತುದಿಲ್ಲ."

"ಮಾತು ಮಾತೇ ಆಯ್ತಾ?" ಎಂದರು ಭಾವ.

"ಮಾತು ಮಾತೇ," ಎಂದೆ. ಧೈರ್ಯ ನನಗೆ ಯಾವತ್ತೂ ಸ್ವಲ್ಪ ಜಾಸ್ತಿಯೇ.

ಎರಡು ದಿನ ಕಳೆದು ಹೊರಟೆವು. ಭಾವನದ್ದು ತುಂಬು ದೇಹ, ಅವರಿಗೆ ಕಿಟಕಿ ಪಕ್ಕವೇ ಆಗಬೇಕು. ಹಾಗಾಗಿ ಇವರು ನಡುವೆ ಕೂತರು, ಗೇರಿನ ಕೋಲಿಗೆ ತಾಗಿಕೊಂಡು. ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದಲೇ. ನಾನು ಗೇರ್ ಹಾಕುವ ಮೊದಲೇ ಇವರ ಕೈ ಕೋಲಿನ ಮೇಲೆ ಬರುತ್ತಿತ್ತು. "ಈಗ ಮೂರಕ್ಕೆ ಹಾಕು, ಈಗ ನಾಲ್ಕಕ್ಕೆ, ಯಾಕೆ ಇಷ್ಟು ಎಳೆಯುದು?" ಒಂದೇ ಸಮನೆ ವರದಿ. ಭಾವ ಅದಕ್ಕೆ ಹೂಂಗುಟ್ಟುತ್ತಿದ್ದರು. ಇಬ್ಬರು ಪರೀಕ್ಷಕರು, ಒಬ್ಬಳು ವಿದ್ಯಾರ್ಥಿನಿ!

ಮೊದಲ ಇಳಿಜಾರಿನಲ್ಲಿ ನಾನು ಗೇರಿನಲ್ಲೇ ಇಳಿಸಿದೆ. ಇವರು ಕೂತಲ್ಲೇ ಚಡಪಡಿಸಿದರು.

"ನ್ಯೂಟ್ರಲ್ ಹಾಕು ಮಾರಾಯ್ತಿ! ನನ್ನ ಮೈಲೇಜು ಎಲ್ಲಿಂದ ಬರ್ತಿತ್ತು ಅಂತ ಗ್ರಹಿಸಿದ್ದೀ? ಇಳಿಜಾರಿನಲ್ಲಿ ನಾನು ಇಂಜಿನೇ ಬಂದ್ ಮಾಡ್ತಿದ್ದೆ. ಗಾಡಿ ಅದರಷ್ಟಕ್ಕೇ ಜಾರಿ ಬರ್ತಿತ್ತು. ಒಂದು ತೊಟ್ಟು ಡೀಸೆಲ್ ಖರ್ಚಿಲ್ಲ."

"ಓಹೋ, ಇದಾ ನಿಮ್ಮ ಗುಟ್ಟು!" ಎಂದೆ. ನಮ್ಮ ಕಡೆಯ ಗುಡ್ಡದ ರಸ್ತೆಗಳಲ್ಲಿ ಹಳೆ ಗಾಡಿಯವರು ಬಹಳ ಜನ ಮಾಡುವ ಚಾಳಿ ಅದು. ನನಗೆ ಅದು ಯಾವತ್ತೂ ಸರಿಬಂದಿರಲಿಲ್ಲ. ಗಾಡಿ ನನ್ನ ಕೈಯಲ್ಲಿ ಇರಬೇಕು, ಇಳಿಜಾರಿನ ಕೈಯಲ್ಲಲ್ಲ. "ನಾನು ಹಾಗೆ ಮಾಡುದಿಲ್ಲ," ಎಂದುಬಿಟ್ಟೆ.

"ಹಾಗಾದ್ರೆ ಗಾಡಿ ಹೋಯ್ತು ಅಂತ ಲೆಕ್ಕ," ಎಂದರು ಭಾವ ಕಿಟಕಿಯಿಂದ ಹೊರಗೆ ನೋಡುತ್ತಾ.

ನರಿಮೊಗರು ಹತ್ತಿರ ಬರುತ್ತಿತ್ತು. ಅಲ್ಲೊಂದು ಉದ್ದ ಇಳಿಜಾರು, ಕೊನೆಯಲ್ಲಿ ತಿರುವು. ಗೇರ್ ಬದಲಿಸೋಣವೆಂದು ಕ್ಲಚ್ ಒತ್ತಿದೆ, ಅಷ್ಟೇ. ಇವರ ಕೈ ಚಕ್ಕನೆ ಮುಂದೆ ಬಂದು ಗೇರಿನ ಕೋಲನ್ನು ನ್ಯೂಟ್ರಲ್ಲಿಗೆ ತಳ್ಳಿತು. ನಮ್ಮದು ಹಳೆಯ ಕಾಲದ ಗಾಡಿ, ಇಂಜಿನ್ ನಿಲ್ಲಿಸಲು ಡ್ಯಾಶ್‌ಬೋರ್ಡಿನ ಕೆಳಗೆ ಎಳೆಯುವ ಗುಂಡಿ ಇದೆ. ಇನ್ನೊಂದು ಕೈಯಿಂದ ಅದನ್ನೂ ಎಳೆದೇ ಬಿಟ್ಟರು.

"ಈಗ ನೋಡು ಮಜಾ!" ಎಂದರು.

ಇಂಜಿನ್ ಸದ್ದು ನಿಂತಿತು. ಚಕ್ರದ ಸದ್ದು, ಗಾಳಿಯ ಸದ್ದು ಮಾತ್ರ. "ಎಂತ ಮಾಡಿದ್ದು ನೀವು!" ಎಂದು ನಾನು ಬೊಬ್ಬೆ ಹಾಕುವಷ್ಟರಲ್ಲಿ ಗಾಡಿ ವೇಗ ಹಿಡಿದಾಗಿತ್ತು. ಬ್ರೇಕ್ ಒತ್ತಿದೆ, ಹಿಡಿಯಿತು. ಬಿಟ್ಟು ಪುನಃ ಒತ್ತಿದೆ, ಅರೆಬರೆ ಹಿಡಿಯಿತು. ಮತ್ತೊಮ್ಮೆ ಒತ್ತಿದರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ! ಇಂಥ ಗಾಡಿಗಳಲ್ಲಿ ಬ್ರೇಕಿಗೆ ಬಲ ಬರುವುದೇ ಇಂಜಿನ್ ತಿರುಗುವುದರಿಂದ. ಇಂಜಿನ್ ನಿಂತರೆ ಒಂದೆರಡು ಸಲಕ್ಕೆ ಆ ಬಲ ಮುಗಿಯುತ್ತದೆ.

ತಿರುವು ದಾಟಿದರೆ ಎದುರಿಗೇ ಒಂದು ಜೀಪು ನಿಂತಿತ್ತು. ಯಾವುದೋ ಮನೆಯ ಕಾರ್ಯಕ್ರಮಕ್ಕೆ ಬಂದ ಜನ ಇಳಿಯುತ್ತಿದ್ದರು. ತಲೆಯ ಮೇಲೆ ಬಾಳೆಎಲೆಯ ಕಟ್ಟು ಹೊತ್ತ ಒಬ್ಬ ಹೆಂಗಸು ಜೀಪಿನ ಹಿಂದಿನಿಂದ ರಸ್ತೆಗೆ ಕಾಲಿಟ್ಟಿದ್ದರು. ಹಾರ್ನ್ ಒತ್ತಿದೆ. ಅವರು ತಿರುಗಿ ನೋಡಿದವರು ಹಾಗೇ ನಿಂತುಬಿಟ್ಟರು. ಎಡಕ್ಕೆ ತೆಗೆದರೆ ಜೀಪಿನ ಜನ, ಬಲಕ್ಕೆ ತೆಗೆದರೆ ಕೆಳಗೆ ನೀರಿನ ತೋಡು.

ಅಷ್ಟು ಹೊತ್ತಿನಲ್ಲಿ ಯೋಚನೆ ಎಂತ ಬರುತ್ತದೆ? ನನ್ನ ಕೈಕಾಲೇ ಕೆಲಸ ಮಾಡಿದವು. ಕ್ಲಚ್ ಒತ್ತಿ, ಗೇರಿನ ಮೇಲಿದ್ದ ಇವರ ಕೈಯನ್ನು ಒಂದೇಟು ಹೊಡೆದು ಸರಿಸಿ, ಮೂರನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ. ಗಾಡಿ ಒದ್ದ ಹಾಗೆ ಜಗ್ಗಿತು. ಕೂಡಲೇ ಎರಡಕ್ಕೆ ಇಳಿಸಿದೆ. ಇಂಜಿನ್ ಗುರ್ರೆಂದು ಕಿರುಚಿತು, ಭಾವನ ಹಣೆ ಎದುರಿನ ಗಾಜಿಗೆ ತಾಗಿತು. ಚಕ್ರವೇ ಇಂಜಿನನ್ನು ತಿರುಗಿಸಿದ್ದರಿಂದ ಬ್ರೇಕಿಗೆ ಪುನಃ ಜೀವ ಬಂತು. ಪೆಡಲಿನ ಮೇಲೆ ಎದ್ದು ನಿಂತ ಹಾಗೆ ಒತ್ತಿ, ಹ್ಯಾಂಡ್ ಬ್ರೇಕೂ ಎಳೆದೆ. ಹಿಂದಿನಿಂದ ಧಡ್ ಧಡ್ ಧಡ್ ಎಂದು ಏನೋ ಬಂದು ಕ್ಯಾಬಿನ್ನಿಗೆ ಬಡಿಯಿತು. ಗಾಡಿ ನಿಂತಿತು. ಬಂಪರಿಗೂ ಆ ಹೆಂಗಸಿನ ಸೀರೆಗೂ ನಡುವೆ ಒಂದು ಮೊಳ ಜಾಗ ಇತ್ತೋ ಇಲ್ಲವೋ. ಎಲೆಯ ಕಟ್ಟು ನಮ್ಮ ಬಾನೆಟ್ ಮೇಲೆ ಬಿದ್ದಿತ್ತು.

ಜನ ಓಡಿ ಬಂದರು. ಯಾರಿಗೂ ಒಂದು ಮಾತು ಬಾಕಿ ಇಡದ ನಾನು ಅಂದು ಒಂದಕ್ಷರ ಹೇಳಲಾಗದೆ ಸ್ಟೀರಿಂಗ್ ಹಿಡಿದು ಕೂತಿದ್ದೆ. ಹೊರಗೆ ಒಬ್ಬರು ಬಾಗಿಲಿಗೆ ಬಡಿಯುತ್ತಾ ಕೂಗಿದರು, "ಕಣ್ಣು ಕಾಣುದಿಲ್ವಾ? ಹೆಂಗಸರ ಕೈಗೆ ಗಾಡಿ ಕೊಟ್ರೆ ಇದೇ ಕಥೆ! ಒಳಗೆ ಗಂಡಸರು ಇಬ್ಬರಿದ್ದೂ ಇವರಿಗೆ ಓಡಿಸ್ಲಿಕ್ಕೆ ಕೊಟ್ಟದ್ದು ಯಾಕೆ?"

ಆಗ ಇವರು ಭಾವನನ್ನು ತಳ್ಳಿ ಇಳಿಸಿ, ತಾವೂ ಇಳಿದರು. ಮೊಣಕಾಲು ನೆಟ್ಟಗೆ ನಿಲ್ಲುತ್ತಿರಲಿಲ್ಲ, ಬಾಗಿಲು ಹಿಡಿದುಕೊಂಡೇ ಮಾತಾಡಿದರು.

"ಅವಳಿಗೆ ಎಂತದೂ ಹೇಳ್ಬೇಡಿ. ಇಂಜಿನ್ ಬಂದ್ ಮಾಡಿದ್ದು ನಾನು. ಬೇಡ ಬೇಡ ಅಂತ ಅವಳು ಹೇಳಿದ್ಲು. ನಾನು ಕೇಳ್ಲಿಲ್ಲ. ಬ್ರೇಕ್ ಇಲ್ಲದ ಗಾಡಿಯನ್ನು ನಿಲ್ಲಿಸಿದ್ದು ಅವಳು. ಅಲ್ಲಿ ನಾನು ಕೂತಿದ್ರೆ ಇವತ್ತು ನನ್ನ ಕೈಯಿಂದ ಒಂದು ಜೀವ ಹೋಗ್ತಿತ್ತು."

ಅಷ್ಟೂ ಜನರ ಎದುರು ಹೇಳಿದರು. ಸ್ವರ ಸಣ್ಣ ಮಾಡಲಿಲ್ಲ. ಬೈಯುತ್ತಿದ್ದವರು ಮುಖ ಹುಳ್ಳಗೆ ಮಾಡಿಕೊಂಡು ಹಿಂದೆ ಸರಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಗಂಡನ ಮೇಲೆ ಅಷ್ಟು ಕೋಪವೂ ಅಷ್ಟು ಪ್ರೀತಿಯೂ ಒಟ್ಟಿಗೇ ಬಂದದ್ದು ಆವತ್ತೇ.

ಬಾಳೆಎಲೆಯ ಹೆಂಗಸು ಬಂದು ಕಿಟಕಿಯಿಂದ ನನ್ನ ಭುಜ ಮುಟ್ಟಿದರು. "ಇಳಿ ತಂಗಿ, ಸ್ವಲ್ಪ ನೀರು ಕುಡಿ. ನನಗೆ ಓಡ್ಲಿಕ್ಕೆ ಕಾಲೇ ಬರ್ಲಿಲ್ಲ, ಕಣ್ಣು ಮುಚ್ಚಿಕೊಂಡೆ. ತೆಗೆದು ನೋಡುವಾಗ ನಿನ್ನ ಮುಖ ಕಂಡಿತು." ಕಾರ್ಯಕ್ರಮದ ಮನೆಯವರು ಬೆಲ್ಲ, ನೀರು ತಂದು ಕೊಟ್ಟರು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತೆ. ಅಳುವುದಕ್ಕೆ ನಾಚಿಕೆ ಎಂತ?

ಅಷ್ಟರಲ್ಲಿ ಗಾಡಿಯ ಹಿಂದಿನಿಂದ ಭಾವನ ಸ್ವರ ಕೇಳಿತು. "ಇದೆಂತದಾ ಇದು? ಖಾಲಿ ಗಾಡಿ ಅಂತ ಹೇಳಿದ್ದಲ್ವಾ ನೀವು?"

ಹೋಗಿ ನೋಡಿದೆ. ಗಾಡಿಯ ಹಿಂಬದಿಯಲ್ಲಿ ಹಾಸಿದ್ದ ಹಲಗೆಗಳು ಎದ್ದಿದ್ದವು. ಅವುಗಳ ಅಡಿಯಿಂದ ಕೆಂಪು ಕಲ್ಲುಗಳು, ಮನೆ ಕಟ್ಟುವ ದಪ್ಪ ದಪ್ಪ ಕಲ್ಲುಗಳು, ಜಾರಿ ಬಂದು ಕ್ಯಾಬಿನ್ನಿಗೆ ಬಡಿದು ರಾಶಿ ಬಿದ್ದಿದ್ದವು. ನಾನು ಬಾಯಿ ಬಿಟ್ಟು ನಿಂತೆ. ಆ ಹಲಗೆಗಳ ಮೇಲೆ ಎಷ್ಟು ಸಲ ಕುರ್ಚಿ, ಪಾತ್ರೆ ಹೇರಿಲ್ಲ! ಪಾತ್ರೆ ಅಲುಗದಿರಲಿ ಎಂದು ಹಲಗೆ ಹಾಕಿದ್ದಾರೆ ಎಂದುಕೊಂಡಿದ್ದೆ.

ಇವರು ಹಣೆ ಚಚ್ಚಿಕೊಂಡರು. "ಅಯ್ಯೋ, ಇದು ನಾನೇ ಹಾಕಿಸಿದ್ದು!"

ಸಂಗತಿ ಏನೆಂದರೆ, ನಮ್ಮ ಊರುಗಳಲ್ಲಿ ಮನೆಗಳಿಗೆ ಹೋಗುವ ಮಣ್ಣಿನ ಏರು ಮಳೆಗಾಲದಲ್ಲಿ ಸಾಬೂನಿನ ಹಾಗೆ ಜಾರುತ್ತದೆ. ಖಾಲಿ ಪಿಕಪ್ಪಿನ ಹಿಂದಿನ ಚಕ್ರ ನಿಂತಲ್ಲೇ ಗಿರಗಿರ ತಿರುಗುತ್ತದೆ. ಅದಕ್ಕೆ ಹಿಂದಿನ ಚಕ್ರದ ಮೇಲೆ ಭಾರ ಬೀಳಲೆಂದು ನಾಲ್ಕಾರು ಕೆಂಪು ಕಲ್ಲು ಹಾಕಿಕೊಳ್ಳುವವರಿದ್ದಾರೆ. ಮಳೆ ನಿಂತ ಮೇಲೆ ತೆಗೆಯುತ್ತಾರೆ. ನಾನು ಗಾಡಿ ಹಿಡಿದದ್ದು ಒಂದು ಮಳೆಗಾಲದಲ್ಲಿ. ನಾನು ಏರಿನಲ್ಲಿ ಜಾರಿ ಬೀಳದಿರಲಿ ಎಂದು ಇವರು ಕೆಲಸದವರಿಗೆ ಹೇಳಿ ನಾಲ್ಕಾರಲ್ಲ, ಒಂದು ಬಚ್ಚಲುಮನೆಯ ಗೋಡೆ ಏಳುವಷ್ಟು ಕಲ್ಲು ಹಾಕಿಸಿದ್ದರು! ಆಮೇಲೆ ಕಾಲಿನ ನೋವಿನಲ್ಲಿ ಮರೆತೇ ಬಿಟ್ಟರು. ಅಂದಿನಿಂದ ಮಳೆಗೂ ಬಿಸಿಲಿಗೂ ಆ ಕಲ್ಲುಗಳನ್ನು ನಾನು ಊರೆಲ್ಲ ಮೆರವಣಿಗೆ ಮಾಡಿಸುತ್ತಿದ್ದೆ.

"ಭಾರ ಯಾರ ಕಾಲಲ್ಲಿ ಇದ್ದದ್ದು?" ಎಂದೆ. ಆಗ ನನಗೆ ಸ್ವರ ವಾಪಸು ಬಂದಿತ್ತು.

ಗಾಡಿ ಹತ್ತಿ ಸ್ಟಾರ್ಟ್ ಮಾಡಲು ಹೋದರೆ ಇಂಜಿನ್ ಹಿಡಿಯಲೇ ಇಲ್ಲ. ಬಗ್ಗಿ ನೋಡಿದರೆ ಇವರು ಎಳೆದ ಗುಂಡಿ ಇನ್ನೂ ಹೊರಗೇ ಇತ್ತು, ಅದು ಹೊರಗಿದ್ದರೆ ಇಂಜಿನಿಗೆ ಡೀಸೆಲೇ ಹೋಗುವುದಿಲ್ಲ. ಆಗ ನನ್ನ ತಲೆಗೆ ಹೊಳೆಯಿತು. ಅಂದರೆ ಎರಡನೇ ಗೇರಿನಲ್ಲಿ ಅಷ್ಟು ಗುರ್ರೆಂದು ತಿರುಗಿದ ಇಂಜಿನ್ ಒಂದು ಹನಿ ಡೀಸೆಲ್ ಕುಡಿದಿರಲಿಲ್ಲ! ಇಳಿಜಾರಿನಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರವೇ ಇಂಜಿನನ್ನು ತಿರುಗಿಸುತ್ತದೆ, ಡೀಸೆಲಿನ ಹಂಗೇ ಇಲ್ಲ. ಆಮೇಲೆ ಗ್ಯಾರೇಜಿನಲ್ಲಿ ಕೇಳಿದಾಗಲೂ, ಕಾಲು ಪೂರ್ತಿ ತೆಗೆದರೆ ಇಂಜಿನಿನ ಪಂಪು ತಾನಾಗಿಯೇ ಡೀಸೆಲ್ ನಿಲ್ಲಿಸುತ್ತದೆ, ಗುಂಡಿ ಎಳೆಯುವ ಅಗತ್ಯವೇ ಇಲ್ಲ ಎಂದರು. ಬ್ರೇಕ್ ಹಿಡಿದೇ ಇಳಿಯಬೇಕಾದ ನಮ್ಮ ರಸ್ತೆಯಲ್ಲಿ ಜೀವ ಪಣಕ್ಕಿಟ್ಟು ಇವರು ಉಳಿಸಿದ್ದಾದರೂ ಎಷ್ಟು? ಪುತ್ತೂರು ಮುಟ್ಟಿ ವಾಪಸು ಬರುವಾಗ ದಾರಿಯುದ್ದಕ್ಕೂ ಇದನ್ನೇ ಬಿಡಿಸಿ ಬಿಡಿಸಿ ಹೇಳಿದೆ. ಇವರು ಹೂಂ ಹೂಂ ಎಂದರು. ಭಾವ ಹಣೆಗೆ ಒದ್ದೆ ಬಟ್ಟೆ ಒತ್ತಿಕೊಂಡು ಕೂತಿದ್ದರು.

ಕಡಬದ ಪಂಪಿನಲ್ಲಿ ತುಂಬಿಸಿ ನೋಡಿದರೆ ಒಂಬತ್ತೇ ಬಂದದ್ದು. ಕಲ್ಲು ಇಳಿದಿರಲಿಲ್ಲವಲ್ಲ.

"ಸುಮತಿ, ಮಾತು ಮಾತೇ ಅಂತ ನೀನೇ ಹೇಳಿದ್ದಿ," ಎಂದರು ಭಾವ ಮೆಲ್ಲಗೆ.

ನಾನು ಉತ್ತರಿಸುವ ಮೊದಲು ಇವರೇ ಹೇಳಿದರು. "ಖಾಲಿ ಗಾಡಿ ಅಂತ ಅಲ್ವಾ ಮಾತು? ಇದು ಖಾಲಿ ಇರ್ಲಿಲ್ಲ ಅಣ್ಣ. ಭಾನುವಾರದ ಒಳಗೆ ಇನ್ನೊಮ್ಮೆ ಹೋಗಿ ಬನ್ನಿ. ನಾನು ಬರುದಿಲ್ಲ. ನಾನು ಬಂದ್ರೆ ಕೈ ಸುಮ್ಮನಿರುದಿಲ್ಲ."

ಮರುದಿನ ಕಲ್ಲು ಇಳಿಸಿದೆವು. ಗಾಡಿಯ ಹಿಂಭಾಗ ಒಂದು ಗೇಣು ಮೇಲೆದ್ದ ಹಾಗೆ ಕಂಡಿತು. ಇಷ್ಟಾದ ಮೇಲೆ ನನಗೆ ಗಾಡಿಯ ಯಾವ ಮೂಲೆಯ ಮೇಲೂ ನಂಬಿಕೆ ಉಳಿದಿರಲಿಲ್ಲ. ಏರ್ ಫಿಲ್ಟರ್ ತೆಗೆದು ನೋಡಿದರೆ ನಮ್ಮ ಊರಿನ ಕೆಂಪು ಧೂಳೆಲ್ಲ ಅದರಲ್ಲೇ, ಹೊಸದು ಹಾಕಿಸಿದೆ. ಒಂದು ಸುತ್ತು ಓಡಿಸಿ ಚಕ್ರಗಳನ್ನು ಮುಟ್ಟಿ ನೋಡಿದಾಗ ಮುಂದಿನ ಎಡ ಚಕ್ರ ಮಾತ್ರ ಸುಡುತ್ತಿತ್ತು. ಬ್ರೇಕ್ ಬಿಟ್ಟ ಮೇಲೂ ಅಲ್ಲಿ ಹಿಡಿದೇ ಇರುತ್ತಿತ್ತು. ಗ್ಯಾರೇಜಿನಲ್ಲಿ ಅದನ್ನು ಬಿಡಿಸಿ, ನಾಲ್ಕೂ ಚಕ್ರಕ್ಕೆ ಸರಿಯಾಗಿ ಗಾಳಿ ತುಂಬಿಸಿದೆ. ಸುಮ್ಮನೆ ಮೇಲೆ ಹೊತ್ತುಕೊಂಡು ತಿರುಗುತ್ತಿದ್ದ ಕಬ್ಬಿಣದ ಕ್ಯಾರಿಯರನ್ನೂ ಬಿಚ್ಚಿಸಿದೆ.

ಶನಿವಾರ ಪುನಃ ಟ್ಯಾಂಕ್ ತುಂಬಿಸಿ ನಾನು ಮತ್ತು ಭಾವ ಇಬ್ಬರೇ ಹೋದೆವು. ಅದೇ ದಾರಿ, ಅದೇ ಇಳಿಜಾರು. ಒಂದೇ ಒಂದು ಸಲವೂ ನ್ಯೂಟ್ರಲ್ ಹಾಕಲಿಲ್ಲ. ಎಲೆಯ ಹೆಂಗಸು ದಾಟಿದ ಆ ಜಾಗ ಬಂದಾಗ ಎರಡನೇ ಗೇರಿನಲ್ಲಿ ನಡೆದ ಹಾಗೆ ಇಳಿಸಿದೆ. ಭಾವ ಡ್ಯಾಶ್‌ಬೋರ್ಡ್ ಹಿಡಿದುಕೊಂಡು ಕೂತಿದ್ದರು.

ವಾಪಸು ಬಂದು ಪಂಪಿನಲ್ಲಿ ತುಂಬಿಸುವಾಗ ಭಾವ ಇಳಿದು ಪಕ್ಕದಲ್ಲೇ ನಿಂತರು. "ಇನ್ನೂ ಹಿಡಿತದೆ, ಹಾಕಿ," ಎಂದು ಪೈಪಿನವರಿಗೆ ಹೇಳಿ ನೊರೆ ಉಕ್ಕಿ ಹೊರಗೆ ಚೆಲ್ಲುವವರೆಗೂ ಹಾಕಿಸಿದರು. ಮೊಬೈಲಿನಲ್ಲಿ ಲೆಕ್ಕ ಮಾಡಿದರು. ಸರಿಯಾಗಲಿಲ್ಲವೆಂದು ಇನ್ನೊಮ್ಮೆ ಮಾಡಿದರು.

"ಹನ್ನೆರಡೂವರೆ ಉಂಟಲ್ಲ ಮಾರಾಯ್ತಿ!" ಎಂದರು. ಇವರ ಕಾಲದ್ದಕ್ಕಿಂತಲೂ ಅರ್ಧ ಜಾಸ್ತಿ! ನಾನು ಪಂಪಿನಲ್ಲೇ ಚಪ್ಪಾಳೆ ತಟ್ಟಿ ನಕ್ಕೆ.

ಭಾನುವಾರ ಗಾಡಿ ನೋಡುವವರು ಬಂದೇ ಬಂದರು. ಬೇಡವೆಂದು ಫೋನ್ ಮಾಡಲು ಭಾವನಿಗೆ ಸಂಕೋಚವಾಗಿತ್ತಂತೆ. ಬಂದವರು ಗಾಡಿಗೆ ಒಂದು ಸುತ್ತು ಬಂದು, ಟಯರಿಗೆ ಒದ್ದು, ಬಾನೆಟ್ ಎತ್ತಿ ನೋಡಿ, "ಗಾಡಿ ಕಂಡಿಷನ್ ಉಂಟು. ಮಾತಾಡುವನಾ?" ಎಂದು ಜಗಲಿಗೆ ಬಂದು ಇವರ ಎದುರು ಕೂತರು. ನಾನು ಒಳಗಿನಿಂದ ಚಹಾ ತಂದು ಬಾಗಿಲಲ್ಲಿ ನಿಂತಿದ್ದೆ. ಪಂಪಿನ ಲೆಕ್ಕ ಏನೇ ಇರಲಿ, ಗಾಡಿ ಇವರ ಹೆಸರಿನಲ್ಲಿದೆ, ಕೊಡುವುದು ಬಿಡುವುದು ಇವರ ಬಾಯಲ್ಲಿದೆ.

ಇವರು ಭಾವನ ಮುಖ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಬಂದವರಿಗೆ ಕೈ ಮುಗಿದು ಹೇಳಿದರು, "ಬೇಜಾರು ಮಾಡ್ಬೇಡಿ ಮಾರಾಯ್ರೆ. ಗಾಡಿ ಕೊಡ್ಲಿಕ್ಕಿಲ್ಲ. ನಮ್ಮ ಡ್ರೈವರ್ ಒಪ್ಪುದಿಲ್ಲ."

"ಡ್ರೈವರ್ ಒಪ್ಪುದಿಲ್ವಾ? ಯಾರಪ್ಪಾ ಅಂಥ ಡ್ರೈವರ್?" ಎಂದು ಅವರು ನಕ್ಕರು.

"ಅಗೋ, ನಿಮಗೆ ಚಹಾ ತಂದಿದ್ದಾರಲ್ಲ, ಅವರೇ," ಎಂದರು ಇವರು.

ನನ್ನನ್ನು ಇವರು ಬಹುವಚನದಲ್ಲಿ ಕರೆದದ್ದು ಅದೊಂದೇ ಸಲ. ಈಗಲೂ ಮನೆಯಲ್ಲಿ ಜಗಳ ಇದೆ, ತಮಾಷೆ ಇದೆ, "ಮಾರಾಯ್ತಿ" ಎಂಬ ಕರೆಯೂ ಇದೆ. ಆದರೆ ಗಾಡಿ ಹತ್ತಿ ಕೂತಾಗಲೆಲ್ಲ ಆ ಮಾತು ಕಿವಿಯಲ್ಲಿ ಕೇಳುತ್ತದೆ, ಮತ್ತು ನಾನು ಬೆನ್ನು ನೆಟ್ಟಗೆ ಮಾಡಿ ಕೂರುತ್ತೇನೆ.